ಹನ್ನೆರಡನೆಯ ವಿದ್ವತ್ಪತ್ರಿಕೆ

ಹನ್ನೆರಡು ವಿದ್ವತ್ಪತ್ರಿಕೆ ಇದ್ದರೆ ವಾಚನಾಲಯ ಉಳಿಯುತ್ತದೆ, ಒಂದು ಕಮ್ಮಿಯಾದರೂ ಬೀಗ ಎಂದು ಮೇಲಿನಿಂದ ಆದೇಶ ಬಂದಿತ್ತು. ಗ್ರಂಥಪಾಲಕ ಮೂರು ಸಲ ಎಣಿಸಿದ. ಹನ್ನೊಂದೇ.

ಬೀಗ ಬಿದ್ದರೆ ಅವನಿಗೆ ಕೆಲಸವಿಲ್ಲ; ದಿನಾ ಬಂದು ಕೂರುವ ಮುದುಕರಿಗೆ ಫ್ಯಾನಿಲ್ಲ. ಹಾಗಾಗಿ ಒಂದು ಸಿನಿಮಾ ವಾರಪತ್ರಿಕೆಯ ಮುಖಪುಟ ಕಿತ್ತು, ಬೂದು ರಟ್ಟು ಅಂಟಿಸಿ, ಹನ್ನೊಂದರ ಪಕ್ಕ ಸಭ್ಯವಾಗಿ ನಿಲ್ಲಿಸಿದ.

ತಪಾಸಣೆಗೆ ಬಂದ ಅಧಿಕಾರಿ ಅದನ್ನೇ ಮೊದಲು ತೆಗೆದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಗ್ರಂಥಪಾಲಕ ಎದ್ದು ಫ್ಯಾನಿನ ವೇಗ ಹೆಚ್ಚಿಸಿದ.

“ಏನ್ರೀ, ವಿದ್ವಾಂಸರು ಯಾವಾಗಿಂದ ಹೊಟ್ಟೆ ಕರಗಿಸೋ ಎಣ್ಣೆ ಮಾರ್ತಿದಾರೆ?”

“ಅದು... ಸಂಶೋಧನೆ, ಸರ್.”

“ಹಾಗಾದ್ರೆ ಬರೆದೋರು ಯಾರು? ಯಾರಿಂದ ತಿಳೀತು ಅನ್ನೋ ಪಟ್ಟಿ ಎಲ್ಲಿ? ಅದೇ ಕಸುಬಿನೋರು ಓದಿ ತಪ್ಪು ಹುಡುಕಿದಾರಾ? ಈ ಮೂರೂ ಇದ್ರೆ ವಿದ್ವತ್ಪತ್ರಿಕೆ. ಇಲ್ದಿದ್ರೆ ಹೊತ್ತು ಕಳೆಯೋ ಕಾಗದ.”

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಅನ್ನುತ್ತಾರಲ್ಲ, ಅದೇ ಹೊತ್ತಿಗೆ ಗ್ರಂಥಪಾಲಕನ ಚಿಕ್ಕಮ್ಮ ಊಟದ ಡಬ್ಬಿ ತಂದಳು. ಡಬ್ಬಿ ಬಿಸಿಯೆಂದು ಅದರ ಕೆಳಗೆ ತನ್ನ ಹಳೇ ನೋಟ್‌ಬುಕ್ಕು ಹಿಡಿದಿದ್ದಳು. ಅಧಿಕಾರಿ ಸುಮ್ಮನೆ ಅದನ್ನು ತಿರುವಿದರು. ಆಮೇಲೆ ಕುರ್ಚಿ ಎಳೆದುಕೊಂಡರು.

‘ಸಕ್ಕರೆ ಡಬ್ಬಿಗೆ ಇರುವೆ ಬಾರದಂತೆ ಇಪ್ಪತ್ತೆರಡು ಉಪಾಯ.’ ಪ್ರತಿಯೊಂದರ ಕೆಳಗೂ ಯಾರು ಹೇಳಿದ್ದು, ಯಾವತ್ತು ಮಾಡಿದ್ದು, ಎಷ್ಟು ಇರುವೆ ಬಂದವು ಎಂಬ ವಿವರ. ಅಂಚಿನಲ್ಲಿ ಪಕ್ಕದ ಮನೆಯವಳ ಅಕ್ಷರ: ‘ಸುಳ್ಳು. ನಾನೂ ಮಾಡಿದೆ. ಇದ್ದ ಇರುವೆ ನೆಂಟರನ್ನೂ ಕರೆತಂದವು.’ ಅದರ ಕೆಳಗೆ ಎದುರು ಮನೆಯವಳು: ‘ನಿನ್ನ ಡಬ್ಬಿ ಮುಚ್ಚಳವೇ ಸರಿಯಿಲ್ಲ.’ ಚಿಕ್ಕಮ್ಮ ಆ ಉಪಾಯವನ್ನು ಹೊಡೆದುಹಾಕಿ ಮತ್ತೆ ಬರೆದಿದ್ದಳು.

“ಜಾಹೀರಾತಿಲ್ಲ, ಚಿತ್ರವಿಲ್ಲ,” ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. “ಇಷ್ಟು ಪ್ರಾಮಾಣಿಕವಾಗಿ ಆ ಹನ್ನೊಂದರಲ್ಲೂ ಯಾರೂ ಯಾರನ್ನೂ ಬೈದಿಲ್ಲ! ಅಮ್ಮಾ, ಇದು ಎಷ್ಟು ದಿನಕ್ಕೊಂದು ಬರುತ್ತೆ?”

“ಇರುವೆ ಬಂದಾಗೆಲ್ಲ ಬರುತ್ತಪ್ಪ.”

‘ಅನಿಯತಕಾಲಿಕ’ ಎಂದು ಬರೆದು ಅಧಿಕಾರಿ ಮುದ್ರೆ ಒತ್ತಿದರು. ವಾಚನಾಲಯ ಉಳಿಯಿತು.

“ಇನ್ನು ಕೊಡೋ ನನ್ನ ಬುಕ್ಕು,” ಚಿಕ್ಕಮ್ಮ ಕೈ ಚಾಚಿದಳು.

“ವಿದ್ವತ್ಪತ್ರಿಕೆ ಮನೆಗೆ ಕೊಡೋ ಹಾಗಿಲ್ಲ ಚಿಕ್ಕಮ್ಮ. ಇಲ್ಲೇ ಕೂತು ಓದ್ಬೇಕು.”

“ನಾನು ಬರೆದಿದ್ದನ್ನ ನಾನೇ ನಿನ್ನ ಕೇಳಿ ಓದ್ಬೇಕಾ? ಚೆನ್ನಾಗಿದೆ ನಿಮ್ಮ ವಿದ್ಯೆ!”

ಮರುದಿನ ಬಾಗಿಲು ತೆಗೆಯುವ ಮೊದಲೇ ಚಿಕ್ಕಮ್ಮನೂ ಆ ಇಬ್ಬರು ನೆರೆಯವರೂ ಮೆಟ್ಟಿಲ ಮೇಲೆ ಕೂತಿದ್ದರು. ಇಪ್ಪತ್ತಮೂರನೆಯ ಉಪಾಯದ ಜಗಳ ಆಗಲೇ ಜೋರಾಗಿತ್ತು. ಮುದುಕರು ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟು, ಕಿವಿಗೊಟ್ಟು ಕೂತರು. ಗ್ರಂಥಪಾಲಕ ಮನಸ್ಸಿನಲ್ಲೇ ಕೈಮುಗಿದು, ‘ಮೌನ’ ಎಂಬ ಫಲಕವನ್ನು ಗೋಡೆಯ ಕಡೆ ತಿರುಗಿಸಿಟ್ಟ.