ಗುಡ್ಡದ ಮೇಲಿನ ಕುದುರೆಗಳು

ಟರ್ಪೆಂಟೈನ್ ವಾಸನೆ ಬಂದರೆ ಸಾಕು, ಬೋಹುಮಿಲನಿಗೆ ಅಪ್ಪನ ಸೈಕಲ್ ಶೆಡ್ಡು, ಅಲ್ಲಿ ನೆಲದಲ್ಲಿ ಕೂತು ಬಣ್ಣ ಹಚ್ಚಿದ ಮೊದಲ ಆಟಿಕೆ ಸಿಪಾಯಿ ನೆನಪಾಗುತ್ತಿದ್ದವು. ಇವತ್ತು ಆ ವಾಸನೆ ಯಾರ್ಮಿಲಾಳ ಮೇಜಿನಿಂದ ಬರುತ್ತಿತ್ತು. ಮಾದರಿ ಸಿಪಾಯಿಗಳ ಕ್ಲಬ್ಬಿನವರೆಲ್ಲ ಅವಳ ಸುತ್ತಲೇ ನೆರೆದಿದ್ದರು.

"ನೋಡ್ರೋ, ಕುದುರೆ ಉಸಿರು ಬಿಡ್ತಿದೆ!" ಕ್ಲಬ್ಬಿನ ಹಿರಿಯ ಹಾವ್ಲಿಕ್ ಕೂಗಿದ. ಪುಟ್ಟ ಪ್ಲಾಸ್ಟಿಕ್ ಕುದುರೆಗಳ ಮೂಗಿಗೆ ಅವಳು, ಚಳಿಯಲ್ಲಿ ಬಿಟ್ಟ ಉಸಿರಿನ ಹಬೆಯಂತೆ, ಹತ್ತಿಯ ಎಳೆ ಅಂಟಿಸಿದ್ದಳು. "ಬೋಹುಮಿಲ್, ನಿನ್ನ ಕುದುರೆಗಳು ಇಷ್ಟು ವರ್ಷ ಉಸಿರು ಕಟ್ಕೊಂಡೇ ನಿಂತಿದ್ವಲ್ಲಪ್ಪಾ!"

ಎಲ್ಲರೂ ನಕ್ಕರು. ಬೋಹುಮಿಲನೂ ನಕ್ಕ. ನಕ್ಕು ತನ್ನ ಮೇಜಿಗೆ ಮರಳಿದ.

ಪ್ರತಿ ಡಿಸೆಂಬರಿನಲ್ಲೂ ಊರಿನ ಸಭಾಭವನದಲ್ಲಿ, ಇನ್ನೂರು ವರ್ಷದ ಹಿಂದೆ ಫ್ರೆಂಚರು ಗೆದ್ದ ಸ್ಲಾವ್ಕೋವ್ ಕದನದ ಪುಟ್ಟ ಮಾದರಿ ಇಡುತ್ತಿದ್ದರು. ನಡುವಿನ ಪ್ರಾಟ್ಸೆ ಗುಡ್ಡ, ಅದನ್ನು ಹತ್ತುವ ಫ್ರೆಂಚ್ ದಂಡು ಯಾವಾಗಲೂ ಅವನದೇ. ಈ ಸಲ ಹಾವ್ಲಿಕ್ ಅದನ್ನು, ವಸಂತದಲ್ಲಷ್ಟೇ ಕ್ಲಬ್ಬು ಸೇರಿದ ಈ ಅಂಚೆ ಕಚೇರಿಯ ಹೆಂಗಸು ಯಾರ್ಮಿಲಾಳಿಗೆ ಕೊಟ್ಟಿದ್ದ. ಬೋಹುಮಿಲನಿಗೆ ಮೂಲೆಯ ಹೆಪ್ಪುಗಟ್ಟಿದ ಕೆರೆ, ಸಾಮಾನಿನ ಬಂಡಿಗಳು.

ಅವಳ ತಪ್ಪೊಂದು ಅವನ ಕಣ್ಣಿಗೆ ಬಿದ್ದಿತ್ತು. ಅಚ್ಚಿನಿಂದ ಬಂದ ಸಿಪಾಯಿಗಳ ಮೈಮೇಲೆ ಕಾಣದ ಜಿಡ್ಡಿರುತ್ತದೆ. ಸೋಪು ನೀರಿನಲ್ಲಿ ತೊಳೆಯದಿದ್ದರೆ ಬಣ್ಣ ನಿಲ್ಲುವುದಿಲ್ಲ. ಅವಳು ಪೆಟ್ಟಿಗೆ ಬಿಚ್ಚಿದವಳೇ ಕುಂಚ ಹಿಡಿದಿದ್ದಳು. ಹೇಳಲೆಂದು ಅವನು ಬಾಯಿ ತೆರೆದದ್ದೂ ಉಂಟು. ಅಷ್ಟರಲ್ಲಿ ಯಾರೋ ಅವಳ ಕೈಚಳಕವನ್ನು ಹೊಗಳಿದರು. ಅವನು ಬಾಯಿ ಮುಚ್ಚಿಕೊಂಡ.

ಪ್ರದರ್ಶನದ ಹಿಂದಿನ ದಿನ ಮಾದರಿ ಗುಡ್ಡವನ್ನು ಸಭಾಭವನದಲ್ಲಿ ವ್ಯಾನಿನಿಂದ ಇಳಿಸಿದಾಗ ಸಿಪಾಯಿಗಳ ನೀಲಿ ಕೋಟುಗಳು ಈರುಳ್ಳಿ ಸಿಪ್ಪೆಯಂತೆ ಸುಲಿದು, ಹಿಮವೆಂದು ಚೆಲ್ಲಿದ್ದ ಬಿಳಿ ಪುಡಿಯ ಮೇಲೆ ಉದುರಿದ್ದವು. ಯಾರ್ಮಿಲಾ ಒಂದು ಚೂರನ್ನು ಬೆರಳ ತುದಿಗೆ ತೆಗೆದುಕೊಂಡು ನೋಡುತ್ತ ನಿಂತಳು.

ಹಾವ್ಲಿಕ್ ತಲೆ ಕೆರೆದುಕೊಂಡ. "ಬೋಹುಮಿಲ್, ನಿನ್ನ ಹಳೇ ದಂಡು ಮನೇಲಿದ್ಯಾ? ತಗೊಂಡ್ಬಾರಪ್ಪಾ. ಗುಡ್ಡ ನಿಂದೇ."

ತಂದ. ಬೇರೆಯವರು ಕುರ್ಚಿ ಜೋಡಿಸಲು ಹೋದರು. ಯಾರ್ಮಿಲಾ ಹೋಗಲಿಲ್ಲ, ತನ್ನ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಕಿತ್ತು, ಆ ಜಾಗದಲ್ಲಿ ಅವನವರನ್ನು ಧೂಳು ಊದಿ ನೆಡತೊಡಗಿದಳು.

"ಅಯ್ಯೋ, ಈ ಬಾವುಟದವನಿಗೆ ಹುಬ್ಬು ಕೂಡಾ ಬರ್ದಿದೀರಲ್ಲ, ಬೋಹುಮಿಲಣ್ಣ! ನಂಗೆ ಇಷ್ಟು ತಾಳ್ಮೆ ಎಲ್ಲಿ ಬರ್ಬೇಕು?"

ಆಮೇಲೆ ತನ್ನ ಕುದುರೆಗಳ ಮೂಗಿನಿಂದ ಹತ್ತಿ ಬಿಡಿಸಿ ಅವನ ಕುದುರೆಗಳಿಗೆ ಅಂಟಿಸಿದಳು.

"ತೊಳೀಬೇಕಿತ್ತು," ಎಂದ ಬೋಹುಮಿಲ್. "ಬಣ್ಣ ಹಚ್ಚೋಕೆ ಮುಂಚೆ. ಸೋಪು ನೀರಲ್ಲಿ."

"ಹೌದಾ? ಯಾರೂ ಹೇಳ್ಲೇ ಇಲ್ಲ ನೋಡಿ."

"ನಾನು ನೋಡಿದ್ದೆ. ಮೊದಲ್ನೇ ದಿನಾನೇ."

ಅವಳ ಕೈ ನಿಂತಿತು. ಪಕ್ಕದ ಕೋಣೆಯಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು. ಕೊನೆಯ ಕುದುರೆಯೊಂದು ಉಳಿದಿತ್ತು. ಅವಳು ಅದಕ್ಕೂ ಹತ್ತಿ ಅಂಟಿಸಿದಳು, ಅಂಟು ಗಟ್ಟಿಯಾಗುವವರೆಗೆ ಬೆರಳಿನಲ್ಲಿ ಒತ್ತಿ ಹಿಡಿದಳು.

ಬಳಿಕ ಕೈ ಒರೆಸಿಕೊಂಡು ಚೀಲದಿಂದ ಬಟ್ಟೆಯ ಗಂಟು ತೆಗೆದಳು. ನಡುವೆ ಕರಿದ ಮಾಂಸದ ಹೋಳಿಟ್ಟ ಬ್ರೆಡ್ಡು. ಅದನ್ನು ಎರಡಾಗಿ ಮುರಿದು, ಅವನ ಮುಖ ನೋಡದೆಯೇ, ಒಂದು ತುಂಡನ್ನು ಅವನತ್ತ ಚಾಚಿದಳು.