ಬ್ಯಾಟರಾಯಪ್ಪನವರ ಬಿಳಿ ದಾರ

ಮತ್ತಿಕೆರೆಯ ಬ್ಯಾಟರಾಯಪ್ಪನವರ ನೀಲಿ ಕೋಟು ಮೊಣಕೈಯಲ್ಲಿ ಹರಿದಿದೆಯೆಂಬುದು ಯಶವಂತಪುರದ ಸ್ಟೇಷನ್ನಿನವರೆಗೂ ಎಲ್ಲರಿಗೂ ಗೊತ್ತಿತ್ತು. ಏಕೆಂದರೆ ಆ ಹರುಕಿಗೆ ಅವರೇ ತೇಪೆಯಿಟ್ಟು, ದಪ್ಪ ಬಿಳಿ ದಾರದಲ್ಲಿ ಸಾಲುಸಾಲಾಗಿ ಅಲೆಗಳನ್ನು ಹೊಲಿದು, ನೋಡುವವರ ಕಣ್ಣಿಗೆ ರಾಚುವಂತೆ ಅಲಂಕರಿಸಿಟ್ಟಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪಟಾಲಮ್ಮಿನ ದರ್ಜಿಯಾಗಿ ಜಪಾನಿಗೆ ಹೋಗಿದ್ದಾಗ, ಬಟ್ಟೆ ಒಗೆಯಲು ಬರುತ್ತಿದ್ದ ಮುದುಕಿಯೊಬ್ಬಳಿಂದ ಕಲಿತ ವಿದ್ಯೆ ಅದು. ‘ಸಾಶಿಕೋ’ ಎಂದು ಅದರ ಹೆಸರು ಹೇಳುವಾಗ ಆ ಒರಟು ಮನುಷ್ಯನ ದನಿ ಮೆತ್ತಗಾಗುತ್ತಿತ್ತು.

ಬಲಗಾಲನ್ನು ತುಸು ಎಳೆದು ನಡೆಯುತ್ತಿದ್ದರು. ಮಾತಿಗೊಮ್ಮೆ ‘ಅಲ್ವಾ ಮತ್ತೆ’ ಎನ್ನದಿದ್ದರೆ ಅವರಿಗೆ ಮಾತು ಮುಗಿದಂತೆಯೇ ಅಲ್ಲ. ಪಕ್ಕದ ಮನೆಯವನಾದ ನಾನು ಅವರ ಜಗಲಿಯಲ್ಲಿ ಕಾಲ ಕಳೆಯುತ್ತಿದ್ದ ಸಂಜೆಗಳಲ್ಲಿ ರಫೂ ಕೆಲಸದ ಗಯಾಸ್ ಸಾಹೇಬರೂ ಬರುತ್ತಿದ್ದರು. ಹರಿದ ಗುರುತೇ ಉಳಿಯದಂತೆ ಎಳೆಗೆ ಎಳೆ ಕೂಡಿಸುವ ಕೈ ಅವರದು.

“ನಾನು ಹರಿದಿದ್ದು ಮುಚ್ತೀನಿ, ನೀವು ಊರಿಗೆಲ್ಲ ಡಂಗುರ ಹೊಡೀತೀರಾ,” ಎಂದು ಅವರು ರೇಗಿಸುವರು.

“ಮುಚ್ಚಾಕೆ ನಾವೇನ್ ಕಳ್ರಾ ಸಾಬ್ರೇ? ಅಲ್ವಾ ಮತ್ತೆ?”

ಬ್ಯಾಟರಾಯಪ್ಪನವರ ಒಬ್ಬಳೇ ಮಗಳು ನಾರಾಯಣಮ್ಮನ ಎಡಗೈ ಚಿಕ್ಕಂದಿನಲ್ಲೇ ಹಂಡೆಯ ಕುದಿನೀರು ಬಿದ್ದು ಸುಟ್ಟಿತ್ತು. ಅರವತ್ತೊಂದನೇ ಇಸವಿಯಲ್ಲಿ ಹೆಬ್ಬಾಳದಿಂದ ಅವಳನ್ನು ನೋಡಲು ಗಂಡಿನವರು ಬರುತ್ತಾರೆಂದಾಗ, ಹೆಂಡತಿ ಮುನಿಕೆಂಪಮ್ಮ ಹಟ ಹಿಡಿದು ಮಣಿಕಟ್ಟಿನವರೆಗೆ ತೋಳಿರುವ ರವಿಕೆಯನ್ನು ಗಂಡನಿಂದಲೇ ಹೊಲಿಸಿದರು. ಹೊಲಿದಷ್ಟು ಹೊತ್ತೂ ಬ್ಯಾಟರಾಯಪ್ಪನವರ ಮುಖ ಗಂಟಿಕ್ಕಿಕೊಂಡಿತ್ತು. ಆ ದಿನ ನಾನೂ ಅಲ್ಲಿದ್ದೆ. ಹುಡುಗಿ ಕಾಫಿ ಕೊಟ್ಟಳು. ಹುಡುಗ ನಾಚಿ ನಕ್ಕ. ಅವನ ಸೋದರಮಾವ ರಾಮಕೃಷ್ಣಪ್ಪನವರು ಲಗ್ನದ ಮಾತೆತ್ತಿದರು. ಅಷ್ಟರಲ್ಲಿ ಬ್ಯಾಟರಾಯಪ್ಪ ದಡಕ್ಕನೆ ಎದ್ದು, ಮಗಳ ಕೈ ಹಿಡಿದು ರವಿಕೆಯ ತೋಳನ್ನು ಮೇಲಕ್ಕೆ ಸರಿಸಿಬಿಟ್ಟರು.

“ನೋಡ್ಕಬುಡಿ. ಸುಟ್ಟೋಗದೆ. ನಮ್ ಮನೇಲಿ ಮುಚ್ಚಾದೇನಿಲ್ಲ.”

ಬಂದವರು ಹೇಳಿ ಕಳಿಸುತ್ತೇವೆಂದು ಎದ್ದರು. ಯಾರೂ ಹೇಳಿ ಕಳಿಸಲಿಲ್ಲ.

ಅವರು ಹೋದ ಮೇಲೆ ನಾರಾಯಣಮ್ಮ ಅತ್ತು, ಕಣ್ಣೊರೆಸಿಕೊಂಡು, ಅಪ್ಪನೆದುರು ನಿಂತಳು. “ಕೈ ನಂದು ಅಪ್ಪಾ. ಹುಡುಗನ್ ಹತ್ರ ನಾನೇ ಹೇಳೋಳಿದ್ದೆ. ನನ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ?”

ನನಗೆ ಬ್ಯಾಟರಾಯಪ್ಪನವರ ಮೇಲೆ ಸಿಟ್ಟೂ ಬಂದಿತ್ತು, ಅಯ್ಯೋ ಪಾಪ ಎಂದೂ ಅನ್ನಿಸಿತ್ತು.

ಮುಚ್ಚುಮರೆ ಒಗ್ಗದ ಇಂಥ ನೇರ ಮನುಷ್ಯರನ್ನು ಆಮೇಲೂ ಕೆಲವರನ್ನು ಕಂಡಿದ್ದೇನೆ, ಗೌರವಿಸಿದ್ದೇನೆ. ಆದರೆ ತನ್ನ ಗಾಯವನ್ನು ತೋರಿಸುವ ಧೈರ್ಯ ಬೇರೆ, ಇನ್ನೊಬ್ಬರದನ್ನು ತೋರಿಸುವ ಹಕ್ಕು ಬೇರೆ ಎಂಬ ವಿವೇಕ ಅಂಥವರಿಗೆ ತಾವಾಗಿ ಬರುವುದಿಲ್ಲ. ತಾವು ಅತಿಯಾಗಿ ಪ್ರೀತಿಸುವವರ ಕಣ್ಣಲ್ಲಿ ನೀರು ತರಿಸಿಯೇ ಅವರು ಅದನ್ನು ಕಲಿಯುತ್ತಾರೆ.