ನೂರೈವತ್ತಾರರ ಅಳತೆ

ಮುನಿಯಪ್ಪ ಸುಳ್ಳು ಹೇಳುವ ಆಸಾಮಿಯಲ್ಲ. ಹೇಳಿದ್ದೆಲ್ಲ ನಿಜವೇ. ಅರ್ಧ ಹೇಳಿದ್ದ, ಅಷ್ಟೇ.

ಕೋಲಾರದ ಕಡೆಯವನಾದ ಆತ ವಿಶಾಖಪಟ್ಟಣದ ನೌಕಾಪಡೆಯಲ್ಲಿ ಇಪ್ಪತ್ತೆರಡು ವರ್ಷ ಸಮುದ್ರದ ನಕ್ಷೆಗಳನ್ನು ನೋಡಿಕೊಂಡು, ನಿವೃತ್ತನಾಗಿ ಅಲ್ಲೇ ನೆಲೆ ನಿಂತಿದ್ದ. ಮಗಳು ವರ್ಷಾಳಿಗೆ ವಿಜಯವಾಡದ ಫಣೀಂದ್ರನ ಸಂಬಂಧ ಬಂದಾಗ ಹೆಂಡತಿ ವೇದವತಿ ಒಂದೇ ಹಟ ಹಿಡಿದಳು: ಇನ್ನೂರು ಕಿಲೋಮೀಟರಿಗಿಂತ ದೂರಕ್ಕೆ ಮಗಳನ್ನು ಕೊಡುವುದಿಲ್ಲ. ತನ್ನ ಹೆರಿಗೆಗೆ ಅಮ್ಮ ಕೋಲಾರದಿಂದ ಬಂದು ಸೇರುವಷ್ಟರಲ್ಲಿ ವರ್ಷಾ ಹುಟ್ಟಿ ಮೂರು ದಿನವಾಗಿತ್ತು. ಆ ಮೂರು ದಿನದ ಸಂಕಟವನ್ನು ಅವಳು ಮರೆತಿರಲಿಲ್ಲ.

ಹುಡುಗನೋ ಅಪರಂಜಿ. ಬಿಟ್ಟುಕೊಡಲು ಮುನಿಯಪ್ಪನಿಗೆ ಮನಸ್ಸು ಬರಲೊಲ್ಲದು. ಹಳೆಯ ನಕ್ಷೆ ಹರವಿ, ಕೈವಾರದ ಒಂದು ಮೊನೆ ವೈಜಾಗಿನ ಮೇಲೆ, ಇನ್ನೊಂದು ವಿಜಯವಾಡದ ಮೇಲೆ ಊರಿ ಅಳೆದ. "ವಿಮಾನದ ದಾರಿ ನೂರೈವತ್ತಾರು" ಎಂದ. ಮೈಲಿಯೋ ಕಿಲೋಮೀಟರೋ ಎಂದು ಅವಳು ಕೇಳಲಿಲ್ಲ, ಈತ ಹೇಳಲೂ ಇಲ್ಲ. ನೌಕಾಪಡೆಯವರ ಮೈಲಿ ಒಂದಕ್ಕೆ ಹೆಚ್ಚುಕಮ್ಮಿ ಎರಡು ಕಿಲೋಮೀಟರು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಮದುವೆಯಾಯಿತು. ಮಗಳನ್ನು ನೋಡಲು ಹೋದಾಗಲೆಲ್ಲ ರೈಲು ಆರು ಗಂಟೆ ತಿಂದರೆ, "ಹಳಿ ಸುತ್ತಾಕ್ಕೊಂಡು ಹೋಗ್ತದೆ ಕಣೇ" ಎನ್ನುತ್ತಿದ್ದ. ಅವಳು ಪಾಪ, ರೈಲ್ವೆಯವರಿಗೆ ಹಿಡಿಶಾಪ ಹಾಕಿ ಗಂಡನನ್ನು ನಂಬುತ್ತಿದ್ದಳು.

ಈಗ ವರ್ಷಾಳಿಗೆ ಎಂಟು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಕರೆದೊಯ್ಯಲು ಇಬ್ಬರೂ ವಿಜಯವಾಡಕ್ಕೆ ಬಂದಿದ್ದರು. ಬೆಂಜ್ ಸರ್ಕಲ್ಲಿನ ಡಾಕ್ಟರು ಅಖಿಲಾ ಬಿಪಿ ನೋಡಿ ತೆಲುಗಿನಲ್ಲೇ ಹೇಳಿದರು: ವಿಮಾನ ಬೇಡ, ರೈಲೂ ಬೇಡ, ಕಾರಿನಲ್ಲಾದರೆ ನಿಧಾನವಾಗಿ, ಅದೂ ಇನ್ನೂರು ಕಿಲೋಮೀಟರ್ ಒಳಗೆ.

"ವೈಜಾಗ್ ಡಾಕ್ಟ್ರೇ, ನೇರಕ್ಕೆ ನೂರೈವತ್ತಾರು. ರಸ್ತೆ ಸುತ್ತು ಅಂದ್ರೂ ಇನ್ನೂರು ದಾಟಲ್ಲ" ಎಂದಳು ವೇದವತಿ, ಹೆಮ್ಮೆಯಿಂದ. "ನಮ್ಮೋರೇ ಅಳೆದಿದ್ದು. ನೇವಿಯವರು."

ಡಾಕ್ಟರು ನಕ್ಕರು. ವರ್ಷಾ ಫೋನಿನಲ್ಲಿ ನೋಡಿ, "ಅಮ್ಮಾ, ವಿಮಾನದ ದಾರೀನೇ ಇನ್ನೂರ ತೊಂಬತ್ತರ ಹತ್ರ ಇದೆ. ರಸ್ತೆ ಮುನ್ನೂರೈವತ್ತು" ಎಂದಳು.

ವೇದವತಿ ಗಂಡನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು.

"ನಾಟಿಕಲ್ ಮೈಲಿ" ಎಂದ, ಗಂಟಲಲ್ಲೇ. "ಲೆಕ್ಕ ತಪ್ಪಿಲ್ಲ ಕಣೇ."

"ಸರಿ ಬಿಡಿ. ಅವಳು ಅಲ್ಲಿಗೆ ಬರೋಕಾಗಲ್ಲ ಅಂದ್ರೆ ನಾನೇ ಇಲ್ಲಿರ್ತೀನಿ. ಬಾಣಂತನ ಮುಗಿಯೋವರೆಗೂ."

"ಮತ್ತೆ ನನಗೆ ಊಟ?"

"ಮೂರು ಹೊತ್ತೂ ಬಂದು ಉಂಡ್ಕೊಂಡು ಹೋಗಿ. ನೂರೈವತ್ತಾರೇ ಅಲ್ವಾ!"

ಮರುದಿನ ಬೆಳಿಗ್ಗೆ ಮುನಿಯಪ್ಪ ಒಬ್ಬನೇ ರೈಲು ಹತ್ತಿದ. ಅಷ್ಟು ಕೋಪದಲ್ಲೂ ಬುತ್ತಿ ಕಟ್ಟಿದ್ದಳು, ಪುಣ್ಯಾತ್ಗಿತ್ತಿ. ಡಬ್ಬಿಯ ಮೇಲೊಂದು ಚೀಟಿ: "ನೂರೈವತ್ತಾರು ಕಿಲೋಮೀಟರಿಗೆ ಸಾಕಾಗುವಷ್ಟು."

ಲೆಕ್ಕದಲ್ಲಿ ಅವಳೂ ತಪ್ಪಿರಲಿಲ್ಲ. ರಾಜಮಂಡ್ರಿ ಬರುವಷ್ಟರಲ್ಲಿ ಚಿತ್ರಾನ್ನ ಮುಗಿದು ಡಬ್ಬಿಯ ತಳ ಕಂಡಿತು. ವೈಜಾಗಿಗೆ ಇನ್ನೂ ಇನ್ನೂರು ಕಿಲೋಮೀಟರು. ಮುನಿಯಪ್ಪ ಅದನ್ನು ನಾಟಿಕಲ್ ಮೈಲಿಗೆ ತಿರುಗಿಸಿ ನೋಡಿದ. ಹಸಿವೇನೂ ಕಡಿಮೆಯಾಗಲಿಲ್ಲ.